ಮೂರು ಸಲ ಬಂದ ಹಾಡು, ಒಮ್ಮೆಯೂ ಬರದ ಆಲ್ಬಂ

ಕೇಳುಗರಿಗೆ ನಮಸ್ಕಾರ.

ಕವಿಯೊಬ್ಬರ ಸಮಗ್ರ ಕಾವ್ಯ ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಪರಿವಿಡಿ. ಯಾವ ಪುಸ್ತಕ ಸೇರಿದೆ, ಯಾವುದು ಬಿಟ್ಟುಹೋಗಿದೆ ಅಂತ. ಎಷ್ಟೋ ಸಲ ಬಿಟ್ಟುಹೋಗಿದ್ದರಲ್ಲೇ ಒಂದು ಕಥೆ ಇರುತ್ತದೆ. ಇವತ್ತು ಅಂಥದ್ದೇ ಒಂದು ಸಂಗ್ರಹದ ಬಗ್ಗೆ ಮಾತಾಡಬೇಕು ಅನ್ನಿಸಿದೆ. ಇದು ಕಾವ್ಯದ್ದಲ್ಲ, ಹಾಡುಗಳದ್ದು. ಅಮೆರಿಕದ ಲಾಸ್ ಏಂಜಲೀಸ್ ಕಡೆಯ ‘ಬ್ಯಾಡ್ ರಿಲಿಜನ್’ ಎಂಬ ಬ್ಯಾಂಡಿನದ್ದು. ಸಂಗ್ರಹದ ಹೆಸರು ‘80–85’. ಹೊರಬಂದದ್ದು 1991ರಲ್ಲಿ. 28 ಹಾಡುಗಳಿವೆ. ಎಲ್ಲ ಸೇರಿ ಒಂದು ಗಂಟೆ ಕೂಡ ಆಗುವುದಿಲ್ಲ.

ಇಷ್ಟು ಚಿಕ್ಕ ಹಾಡುಗಳೇ ಅಂತ ನಿಮಗೆ ಅನ್ನಿಸಬಹುದು. ಎಪ್ಪತ್ತರ ದಶಕದ ಪಂಕ್ ರಾಕ್ ಅಂದರೆ ಸರಳವಾದ, ಸಿಟ್ಟಿನ, ಗದ್ದಲದ ಗಿಟಾರ್ ಸಂಗೀತ. ಅದನ್ನು ಇನ್ನೂ ವೇಗವಾಗಿ, ಇನ್ನೂ ಒರಟಾಗಿ ಬಾರಿಸಿದರೆ ಅದು ಹಾರ್ಡ್‌ಕೋರ್. ಹೇಳಬೇಕಾದ್ದನ್ನು ಒಂದೆರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. ಹಾಡುವುದಕ್ಕಿಂತ ಕೂಗುವುದೇ ಜಾಸ್ತಿ. ಅದೇ ವೇಗದ ಮೇಲೆ ಗುನುಗಿಕೊಳ್ಳಬಹುದಾದ ಒಂದು ಧಾಟಿ ಕೂತರೆ ಅದನ್ನು ಮೆಲೊಡಿಕ್ ಹಾರ್ಡ್‌ಕೋರ್ ಅನ್ನುತ್ತಾರೆ. ಆ ಧಾಟಿ ಹುಟ್ಟಿಕೊಳ್ಳುವುದನ್ನು ‘80–85’ರಲ್ಲಿ ಕಿವಿಯಾರೆ ಕೇಳಬಹುದು. ನನಗೆ ಈ ಸಂಗ್ರಹ ಇಷ್ಟವಾಗಲು ಅದೇ ಕಾರಣ.

ಬ್ಯಾಂಡ್ ಶುರುವಾದದ್ದು 1980ರಲ್ಲಿ, ಸ್ಯಾನ್ ಫರ್ನಾಂಡೊ ವ್ಯಾಲಿಯಲ್ಲಿ. ಗಾಯಕ ಗ್ರೆಗ್ ಗ್ರಾಫಿನ್‌ಗೆ ಆಗ ಇನ್ನೂ 15–16 ವರ್ಷ. ಗಿಟಾರ್ ನುಡಿಸುತ್ತಿದ್ದ ಬ್ರೆಟ್ ಗುರೆವಿಟ್ಸ್ ಎರಡು ವರ್ಷ ದೊಡ್ಡವರು. ಬೇಸ್‌ನಲ್ಲಿ ಜೇ ಬೆಂಟ್ಲಿ, ಡ್ರಮ್ಸ್‌ನಲ್ಲಿ ಜೇ ಜಿಸ್ಕ್ರೌಟ್. ಅಭ್ಯಾಸ ನಡೆಯುತ್ತಿದ್ದುದು ಗ್ರಾಫಿನ್ ಅವರ ಅಮ್ಮನ ಮನೆಯ ಕಾರ್ ಗ್ಯಾರೇಜಿನಲ್ಲಿ. ಆ ಜಾಗಕ್ಕೆ ಹುಡುಗರು ‘ನರಕದ ಬಿಲ’ ಅಂತ ಅರ್ಥ ಬರುವ ಹೆಸರಿಟ್ಟುಕೊಂಡಿದ್ದರು. ತಮ್ಮ ಹಾಡನ್ನು ಯಾರಾದರೂ ಬಂದು ಹೊರತರಲಿ ಅಂತ ಅವರು ಕಾಯಲಿಲ್ಲ. ಗುರೆವಿಟ್ಸ್ ಅಪ್ಪನ ಹತ್ತಿರ ಸಾಲ ತಗೊಂಡರು. ‘ಎಪಿಟಾಫ್’ ಅಂತ ತಮ್ಮದೇ ಲೇಬಲ್, ಅಂದರೆ ರೆಕಾರ್ಡ್ ಹೊರತರುವ ಸಂಸ್ಥೆ, ಕಟ್ಟಿದರು. 1981ರಲ್ಲಿ ಆರು ಹಾಡಿನ ಮೊದಲ ರೆಕಾರ್ಡ್ ಬಂತು.

1982ರಲ್ಲಿ ಬಂದದ್ದು ಅವರ ಮೊದಲ ಪೂರ್ತಿ ಆಲ್ಬಂ. ‘ನರಕ ಇದಕ್ಕಿಂತ ಕೆಟ್ಟದಾಗಿರಲು ಹೇಗೆ ಸಾಧ್ಯ?’ ಅನ್ನುವುದು ಅದರ ಹೆಸರಿನ ಅರ್ಥ. ಮುಖಪುಟದಲ್ಲಿ ಬೆಟ್ಟದ ಮೇಲಿಂದ ಕಾಣುವ ಲಾಸ್ ಏಂಜಲೀಸ್ ನಗರ ಇದೆ. ನರಕ ಯಾವುದು ಅಂತ ಅವರು ಬಾಯಿಬಿಟ್ಟು ಹೇಳಬೇಕಾಗಿಯೇ ಇರಲಿಲ್ಲ. ಇದರ ಕೆಲಸ ನಡೆಯುತ್ತಿರುವಾಗಲೇ ಡ್ರಮ್ಸ್ ನುಡಿಸುವವರು ಬಿಟ್ಟುಹೋದರು. ಆ ಜಾಗಕ್ಕೆ ಬಂದವರು ಅಲ್ಲಿಯವರೆಗೆ ಬ್ಯಾಂಡಿನ ಸಾಮಾನು ಸಾಗಿಸಲು ನೆರವಾಗುತ್ತಿದ್ದ ಪೀಟ್ ಫೈನ್‌ಸ್ಟೋನ್.

ಆ ಆಲ್ಬಂನ ಮೊದಲ ಹಾಡಿನಲ್ಲೇ ಆದಿಮಾನವ ಬರುತ್ತಾನೆ. ಅವನಿಂದ ಇಂದಿನ ಮನುಷ್ಯನವರೆಗೆ ಬಂದು, ನಮ್ಮ ಅಹಂಕಾರವೇ ನಮಗೆ ಮುಳುವು ಅನ್ನುತ್ತದೆ ಆ ಹಾಡು. ಬರೆದವನು ಹೈಸ್ಕೂಲ್ ಹುಡುಗ! ಅದೇ ಗ್ರಾಫಿನ್ ಮುಂದೆ 2003ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆಯನ್ನು ಅವರು ಎಷ್ಟು ವರ್ಷ ಹಿಡಿದುಕೊಂಡೇ ಇದ್ದರು ನೋಡಿ.

ಈಗ ಪರಿವಿಡಿಗೆ ಬರೋಣ. ಆ ಆಲ್ಬಂನ 14 ಹಾಡು. ಮೊದಲ ರೆಕಾರ್ಡಿನ 6. ಬೇರೆ ಬೇರೆ ಬ್ಯಾಂಡುಗಳ ಜೊತೆ 1981ರಲ್ಲಿ ಒಂದು ಸಂಗ್ರಹಕ್ಕೆ ಕೊಟ್ಟಿದ್ದ 3. 1985ರಲ್ಲಿ ಬಂದ ಪುಟ್ಟ ರೆಕಾರ್ಡಿನ 5. ಒಟ್ಟು 28 ಆಯಿತು. ಇದರಲ್ಲಿ ಬ್ಯಾಂಡಿನ ಹೆಸರನ್ನೇ ಹೊತ್ತ ಹಾಡು ಮೂರು ಸಲ ಬರುತ್ತದೆ. ಒಂದೇ ಡಿಸ್ಕಿನಲ್ಲಿ ಒಂದೇ ಹಾಡು ಮೂರು ಸಲ! ಮೊದಲೆರಡು 1981ರವು, ಮೂರನೆಯದು 1985ರದ್ದು. ಮೊದಲನೆಯದರಲ್ಲಿ ಹುಡುಗನ ಗಂಟಲು, ಸುಮ್ನೆ ಮುನ್ನುಗ್ಗುವ ಗಿಟಾರ್. ಮೂರನೆಯದರಲ್ಲಿ ಅದೇ ಹುಡುಗನಿಗೆ ಇಪ್ಪತ್ತು ವರ್ಷ. ಈಗ ಅವನು ಕೂಗುತ್ತಿಲ್ಲ, ಹಾಡುತ್ತಿದ್ದಾನೆ. ಸ್ವರವನ್ನು ಎಳೆದು ನಿಲ್ಲಿಸುತ್ತಾನೆ. ನಾಲ್ಕು ವರ್ಷದಲ್ಲಿ ಏನೋ ಆಗಿದೆ, ಅಲ್ವಾ?

ಏನಾಗಿತ್ತು ಅಂತ ಈ ಸಂಗ್ರಹ ಹೇಳುವುದಿಲ್ಲ. ಅದಕ್ಕೆ 1983ಕ್ಕೆ ಹೋಗಬೇಕು.

ಆ ವರ್ಷ ಇವರು ಎರಡನೇ ಆಲ್ಬಂ ಮಾಡಿದರು. ಹೆಸರಿನ ಅರ್ಥ ‘ಅರಿಯದ ಕಡೆಗೆ’. ಎಂಟೇ ಹಾಡು. ಒಂದು ಹಾಡಂತೂ ಏಳು ನಿಮಿಷ. ತುಂಬಾ ಕೀಬೋರ್ಡ್, ನಿಧಾನ ನಡೆ, ಉದ್ದುದ್ದ, ಜಟಿಲ ಹಾಡುಗಳ ಹಿಂದಿನ ದಶಕದ ಪ್ರೋಗ್ರೆಸಿವ್ ರಾಕ್‌ನ ದಾರಿ. ಬೆಂಟ್ಲಿ ಇದು ತನ್ನಿಂದಾಗದು ಅಂತ ಹೊರಟುಹೋದರು. ಒಂದು ನಿಮಿಷದ ಹಾಡಿಗೆ ಕಾದಿದ್ದ ಅಭಿಮಾನಿಗಳಿಗೆ ಇದು ಬೇಡವಾಯಿತು. ಮಾರಾಟವೂ ಆಗಲಿಲ್ಲ. ಬ್ಯಾಂಡ್ ಚೆದುರಿತು. ಮುಂದೆ ಅದನ್ನು ಮಾಡಿದವರೇ ಅದು ತಪ್ಪು ಹೆಜ್ಜೆ ಅಂದುಬಿಟ್ಟರು. 1991ರ ಸಂಗ್ರಹದಲ್ಲಿ ಅದರ ಒಂದು ಹಾಡೂ ಇಲ್ಲ. ಅದು ಮತ್ತೆ ಅಚ್ಚಾಗಿ ಬಂದದ್ದು 2010ರಲ್ಲಿ, ಬ್ಯಾಂಡಿನ 30ನೇ ವರ್ಷದ ಎಲ್‌ಪಿ ಪೆಟ್ಟಿಗೆಯೊಳಗೆ.

ನನಗೆ ಇಲ್ಲಿ ನೋವಾಗುತ್ತದೆ. ಆ ಎಂಟು ಹಾಡೂ ಚೆನ್ನಾಗಿವೆ ಅಂತ ನಾನು ವಾದ ಮಾಡುವುದಿಲ್ಲ. ಕೆಲವು ಎಳೆದಾಡುತ್ತವೆ. ಆದರೆ ಗ್ರಾಫಿನ್ ಉದ್ದದ ಸಾಲುಗಳನ್ನು ಹಿಡಿದು ಹಾಡಲು ಕಲಿತದ್ದು ಅಲ್ಲೇ ಅಂತ ನನ್ನ ಕಿವಿ ಹೇಳುತ್ತದೆ. 1985ರ ರೆಕಾರ್ಡಿನ ಹೆಸರನ್ನೇ ನೋಡಿ. ‘ಅರಿತದ್ದರ ಕಡೆಗೆ ಮರಳಿ’ ಅಂತ ಅರ್ಥ. ಎಲ್ಲಿಂದ ಮರಳಿದರು? ಹಿಂದಿನ ಆಲ್ಬಂ ಗೊತ್ತಿಲ್ಲದವರಿಗೆ ಆ ಹೆಸರು ಅರ್ಧ ಮಾತು. ಸಂಗ್ರಹ ಉತ್ತರವನ್ನು ಇಟ್ಟುಕೊಂಡು ಪ್ರಶ್ನೆಯನ್ನು ಹೊರಗೆ ಬಿಟ್ಟಿದೆ.

ಮರಳಿ ಬಂದ ಆ ದಾರಿಯಲ್ಲೇ 1988ರ ‘ಸಫರ್’ ಬಂತು. 15 ಹಾಡು, 26 ನಿಮಿಷ. ಹಿನ್ನೆಲೆಯಲ್ಲಿ ಏರಿ ನಿಲ್ಲುವ ಸೇರುದನಿ. ಮುಂದೆ ಬಂದ ಎಷ್ಟೋ ಮೆಲೊಡಿಕ್ ಹಾರ್ಡ್‌ಕೋರ್ ಬ್ಯಾಂಡುಗಳಿಗೆ ಅದೇ ಪಾಠವಾಯಿತು.

‘80–85’ ಕೂಡ ಈಗ ಆ ಹೆಸರಿನಲ್ಲಿ ಬರುತ್ತಿಲ್ಲ. 2004ರಲ್ಲಿ ಮೊದಲ ಆಲ್ಬಂ ಹೊಸದಾಗಿ ಬಂದಾಗ ಇದರ ಉಳಿದ 14 ಹಾಡುಗಳನ್ನೂ ಅದಕ್ಕೇ ಸೇರಿಸಿ ಇದೇ 28 ಮಾಡಿದರು. ಯಾವ ಹೆಸರಿನಲ್ಲಿ ಸಿಕ್ಕರೂ ಸರಿ, ಕೇಳಿ. ನಾನು ಕೇಳುವುದು ಹೀಗೆ. 1981 ಮತ್ತು 1982ರ ಹಾಡುಗಳು ಮುಗಿದ ಮೇಲೆ ಅಲ್ಲೇ ನಿಲ್ಲಿಸುತ್ತೇನೆ. ಆ ಬೇಡವಾದ ಆಲ್ಬಂ ಹಾಕಿ ಎಂಟೂ ಹಾಡು ಪೂರ್ತಿ ಕೇಳುತ್ತೇನೆ. ಏಳು ನಿಮಿಷದ್ದನ್ನೂ ಬಿಡುವುದಿಲ್ಲ. ಆಮೇಲೆ 1985ರ ಐದು ಹಾಡಿಗೆ ಬರುತ್ತೇನೆ. ಆಗ ಬ್ಯಾಂಡಿನ ಹೆಸರಿನ ಆ ಹಾಡು ಮೂರನೇ ಸಲ ಶುರುವಾಗುತ್ತದೆ. ಊರು ಬಿಟ್ಟು ಹೋಗಿದ್ದವನು ಬಾಗಿಲು ತಟ್ಟಿದ ಹಾಗೆ ಕೇಳಿಸುತ್ತದೆ.

ನಮಸ್ಕಾರ.