ಕ್ಲಚ್ ಹಿಡಿದರೆ ಹಿಡಿತ ತಪ್ಪುವುದೇಕೆ?

(ದೃಶ್ಯ: ಮಡಿಕೇರಿಯ ಒಂದು ಗ್ಯಾರೇಜ್. ಹೊರಗೆ ಜಿಟಿಜಿಟಿ ಮಳೆ. ಬೆಂಚಿನ ಮೇಲೆ ಬಿಚ್ಚಿಟ್ಟ ಕ್ಲಚ್ ಪ್ಲೇಟ್.)

ನಮಸ್ಕಾರ. ಇದರ ವಾಸನೆ ನಿಮಗೆ ಕಳಿಸುವ ಹಾಗಿಲ್ಲ, ಪುಣ್ಯವಂತರು ನೀವು. ಹೋದ ಭಾನುವಾರ ಸಂಪಾಜೆ ಘಾಟಿಯಲ್ಲಿ ಟೂರಿಸ್ಟ್ ಗಾಡಿಗಳ ಸಾಲು. ಅದರ ಹಿಂದೆ ನಾನು, ಉದ್ದಕ್ಕೂ ಹಾಫ್ ಕ್ಲಚ್‌ನಲ್ಲಿ, ಅಂದರೆ ಪೆಡಲ್ ಅರ್ಧ ಒತ್ತಿಕೊಂಡೇ, ತೆವಳುತ್ತಾ ಬಂದೆ. ಮೇಲೆ ತಲುಪುವಷ್ಟರಲ್ಲಿ ಇಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಮೆಕ್ಯಾನಿಕ್ ಅಣ್ಣ ಬಾನೆಟ್ ಎತ್ತುವ ಮೊದಲೇ ಮೂಗು ಮುಚ್ಚಿಕೊಂಡು ಕೇಳಿದರು: "ಎಂತ ಮಾರಾಯ್ರೆ, ಕ್ಲಚ್ ಮೇಲೆ ಕಾಲಿಟ್ಕೊಂಡೇ ಬಂದ್ರಾ?"

ಗಾಡಿ ರಿಪೇರಿ ಅವರಿಗೆ ಬಿಟ್ಟೆ. ನನ್ನ ತಲೆಯಲ್ಲಿ ಉಳಿದದ್ದು ಆ ಪದ. ಇಂಗ್ಲಿಷಿನಲ್ಲಿ ಕ್ಲಚ್ ಅಂದರೆ ಬಿಗಿಯಾಗಿ ಹಿಡಿಯುವುದು. ಆದರೆ ಗಾಡಿಯಲ್ಲಿ ಕ್ಲಚ್ ಒತ್ತಿದರೆ ಹಿಡಿತ ಬಿಟ್ಟುಹೋಗುತ್ತದೆ, ಕಾಲು ತೆಗೆದರೆ ಹಿಡಿಯುತ್ತದೆ. ಉಲ್ಟಾ ಅಲ್ವಾ?

(ಕ್ಲೋಸಪ್: ಪ್ಲೇಟಿನ ಅಂಚು)

ಇಲ್ಲಿ ನೋಡಿ. ಈ ಬಿಲ್ಲೆಯ ಎರಡೂ ಕಡೆ ಒರಟಾದ ಲೈನಿಂಗ್ ಇರಬೇಕಿತ್ತು. ನನ್ನದು ಕಪ್ಪಾಗಿ, ಕನ್ನಡಿಯ ಹಾಗೆ ನುಣುಪಾಗಿದೆ. ಒಂದು ಕಡೆ ಇಂಜಿನ್‌ನಿಂದ ತಿರುಗುವ ಫ್ಲೈವೀಲ್ ಅನ್ನುವ ಭಾರದ ಚಕ್ರ, ಇನ್ನೊಂದು ಕಡೆ ಅದುಮುವ ಪ್ರೆಷರ್ ಪ್ಲೇಟ್. ನಡುವೆ ಈ ಬಿಲ್ಲೆ, ರೊಟ್ಟಿ ಒಳಗಿನ ಪಲ್ಯದ ಹಾಗೆ. ಸ್ಪ್ರಿಂಗ್ ಮೂರನ್ನೂ ಒಟ್ಟಿಗೆ ಅದುಮಿ ಹಿಡಿದಿರುತ್ತದೆ, ಹಾಗಾಗಿ ಇಂಜಿನ್ ತಿರುಗಿದ್ದು ಬಿಲ್ಲೆಯ ಮೂಲಕ ಗಾಡಿಯ ಚಕ್ರಕ್ಕೆ ದಾಟುತ್ತದೆ. ಅಂದರೆ ಹಿಡಿದಿರುವುದೇ ಅದರ ಸಹಜ ಸ್ಥಿತಿ. ಗೇರ್ ಬದಲಿಸಲು ಒಂದು ಕ್ಷಣ ಆ ಹಿಡಿತ ಬಿಡಿಸಬೇಕು, ಅದಕ್ಕೇ ಪೆಡಲ್. ನಾವು ಕ್ಲಚ್ ಅಂತ ಕರೆಯುವ ಪೆಡಲ್ ನಿಜವಾಗಿ ಕ್ಲಚ್ ಬಿಡಿಸುವ ಪೆಡಲ್. ಹಾಫ್ ಕ್ಲಚ್‌ನಲ್ಲಿ ಬಿಲ್ಲೆ ಪೂರ್ತಿ ಹಿಡಿಯುವುದೂ ಇಲ್ಲ, ಬಿಡುವುದೂ ಇಲ್ಲ. ಸುಮ್ನೆ ಉಜ್ಜುತ್ತಾ ಇರುತ್ತದೆ. ಉಜ್ಜಿದರೆ ಬಿಸಿ, ಬಿಸಿ ಜಾಸ್ತಿಯಾದರೆ ಈ ವಾಸನೆ, ಆಮೇಲೆ ಗ್ಯಾರೇಜಿನ ಬಿಲ್.

ಪದ ಮಾತ್ರ ಕಾರಿಗಿಂತ ತುಂಬಾ ಹಳೆಯದು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಕ್ಲುಚ್ಚನ್ ಅಂತಲೋ ಕ್ಲಿಚ್ಚನ್ ಅಂತಲೋ ಕೇಳಿಸುವ ಒಂದು ಕ್ರಿಯಾಪದವಿತ್ತು. ಬೆರಳು ಮಡಚಿ ಮುಷ್ಟಿ ಕಟ್ಟುವುದು ಅಂತ ಅರ್ಥ. ಆಮೇಲೆ ಹಕ್ಕಿ, ಪ್ರಾಣಿಗಳ ಉಗುರಿಗೂ, ಪಂಜಕ್ಕೂ ಅದರ ನಂಟು ಬೆಳೆಯಿತು. ಯಾರದೋ ಕ್ಲಚಸ್‌ನಲ್ಲಿ ಸಿಕ್ಕಿಬಿದ್ದ ಅಂದರೆ ಅವನ ಕಪಿಮುಷ್ಟಿಯಲ್ಲಿ ಸಿಕ್ಕ ಅಂತ. 19ನೇ ಶತಮಾನದ ಶುರುವಿನಲ್ಲೇ, ಕಾರು ಹುಟ್ಟುವ ಮೊದಲು, ಯಂತ್ರದವರು ಈ ಪದ ಎತ್ತಿಕೊಂಡರು. ತಿರುಗುವ ಒಂದು ದಂಡ ಇನ್ನೊಂದನ್ನು ಹಿಡಿದು ತಿರುಗಿಸಬೇಕು, ಬೇಡವಾದಾಗ ಬಿಡಬೇಕು. ಅದಕ್ಕೆ ಕ್ಲಚ್ ಅಂತ ಹೆಸರಾಯಿತು.

ನಮ್ಮ 'ಹಿಡಿ'ಯೂ ಹೀಗೇ ಊರು ಸುತ್ತಿದೆ. ಕೈ ಹಿಡಿ, ಕತ್ತಿಯ ಹಿಡಿ, ಒಂದು ಹಿಡಿ ಅಕ್ಕಿ.

(ದೃಶ್ಯ: ಸಂತೆಯ ಅಂಗಡಿ, ರಟ್ಟಿಗೆ ಸಿಕ್ಕಿಸಿದ ಹೇರ್ ಕ್ಲಚ್‌ಗಳು)

ಈ ಕೂದಲಿನ ಕ್ಲಚ್ ನನಗೆ ತುಂಬಾ ಇಷ್ಟ. ಒತ್ತಿದರೆ ಬಾಯಿ ಬಿಡುತ್ತದೆ, ಬಿಟ್ಟರೆ ಕಚ್ಚುತ್ತದೆ. ಗಾಡಿಯ ಕ್ಲಚ್‌ನ ಬುದ್ಧಿಯೇ! ಜೊತೆಗೆ ಆಕಾರ ನೋಡಿ, ಅದೇ ಹಳೇ ಪಂಜ. ಮದುವೆಮನೆಗೆ ಕೈಯಲ್ಲಿ ಹಿಡಿದು ಹೋಗುವ ಪಟ್ಟಿಯಿಲ್ಲದ ಪರ್ಸೂ ಕ್ಲಚ್ಚೇ. ಕೈಯಲ್ಲೇ ಹಿಡಿದಿರಬೇಕಲ್ಲ, ಅದಕ್ಕೆ.

ಆಟದಲ್ಲೂ ಇದೆ. ಇಕ್ಕಟ್ಟಿನ ಹೊತ್ತಿಗೆ ಕ್ಲಚ್ ಅನ್ನುವುದು ಅಮೆರಿಕದ ಬೇಸ್‌ಬಾಲ್‌ನಿಂದ ಹರಡಿದ್ದು. ನಮ್ಮಲ್ಲಿ 1997ರಿಂದ ನಡೆಯುತ್ತಿರುವ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಕೊನೇ ನಿಮಿಷಕ್ಕೆ ಗೋಲು ಹೊಡೆದವನೂ ಕ್ಲಚ್ ಆಟಗಾರನೇ.

ಈಗ ತಮಾಷೆ. ಒಂದೇ ಗೂಡಿನಲ್ಲಿ ಒಂದೇ ಸಲಕ್ಕೆ ಇಟ್ಟ ಮೊಟ್ಟೆಗಳಿಗೂ ಇಂಗ್ಲಿಷಿನಲ್ಲಿ ಕ್ಲಚ್ ಅನ್ನುತ್ತಾರೆ. ಕೋಳಿ ರೆಕ್ಕೆಯಡಿ ಹಿಡಿದುಕೊಳ್ಳುತ್ತದಲ್ಲ, ಅದಕ್ಕಿರಬೇಕು ಅಂತ ನಾನೂ ನಂಬಿದ್ದೆ. ತಪ್ಪು! ಅದು ಬೇರೆಯೇ ಪದ. ಮರಿ ಮಾಡುವುದು ಅನ್ನುವ ಅರ್ಥದ ಹಳೇ ನಾರ್ಸ್ (ಸ್ಕ್ಯಾಂಡಿನೇವಿಯಾದ ಹಳೇ ಭಾಷೆ) ಪದದಿಂದ ಬಂದದ್ದು. ಮೊದಲು ಕ್ಲೆಚ್ ಅಂತಿತ್ತು, 18ನೇ ಶತಮಾನದ ಹೊತ್ತಿಗೆ ಕ್ಲಚ್ ಆಯಿತು. 'ಹತ್ತು ನಿಮಿಷ ಘಾಟಿ ಹತ್ತು' ಅಂದಾಗ ಎರಡು 'ಹತ್ತು' ಬೇರೆ ಬೇರೆ ಇದ್ದಂತೆ.

ನಮ್ಮ ಕಾಡಿನಲ್ಲಿ ಮೊಟ್ಟೆಯ ಕ್ಲಚ್ ಅಂದರೆ ನನಗೆ ನೆನಪಾಗುವುದು ಕಾಳಿಂಗ ಸರ್ಪ. ಒಣಗಿದ ಎಲೆ ಗುಡ್ಡೆ ಹಾಕಿ ಗೂಡು ಮಾಡುತ್ತದೆ, ಸಾಮಾನ್ಯವಾಗಿ 20ರಿಂದ 40 ಮೊಟ್ಟೆ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವನ್ನು ಬೇರೆಯೇ ಜಾತಿ ಅಂತ ಗುರುತಿಸಿದಾಗ ವಿಜ್ಞಾನದ ಹೆಸರಿಗೂ ನಮ್ಮ 'ಕಾಳಿಂಗ' ಪದವನ್ನೇ ಸೇರಿಸಿದರು. ತೋಟದಂಚಿನಲ್ಲಿ ಅಂಥ ಎಲೆ ಗುಡ್ಡೆ ಕಂಡರೆ ಕೋಲು ಹಾಕಿ ಕೆದಕಬೇಡಿ. ತಾಯಿ ಅಲ್ಲೇ ಕಾವಲಿರಬಹುದು.

(ಹಿನ್ನೆಲೆಯಲ್ಲಿ ಮೆಕ್ಯಾನಿಕ್ ಕರೆಯುವ ದನಿ)

ಬಂದೆ ಅಣ್ಣ! ಹೊಸ ಪ್ಲೇಟ್ ಕೂತಿದೆ ಅಂತೆ. ಬಿಲ್ ನೋಡಿಕೊಂಡು ಬರುತ್ತೇನೆ, ಕ್ಯಾಮೆರಾ ಆಫ್ ಮಾಡಿ.