ನೋಕಿಯಾ 6600: ಬಣ್ಣದ ಪರದೆಯೂ ಬೀಗ ಬಿದ್ದ ಕಾರ್ಡೂ

ಮೇಜಿನ ಮೇಲೆ ಕಾಣುತ್ತಿರುವುದು ಸೋಪಿನ ಡಬ್ಬಿಯಲ್ಲ, ವೀಕ್ಷಕರೇ; ಅದು ನೋಕಿಯಾ 6600. ಕಂಪನಿಯವರು ಇದನ್ನು 2003ರ ಜೂನ್ ತಿಂಗಳಲ್ಲಿ ಪ್ರಕಟಿಸಿದರು, ನಮ್ಮ ಅಣ್ಣ ಅದರ ಮರುವರ್ಷ ಕೊಂಡರು, ಆಮೇಲೆ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಇದು ಊರಿನ ಮನೆಯ ಬೀರುವಿನಲ್ಲಿ ಎಲ್‌ಐಸಿ ಪಾಲಿಸಿಗಳ ಕವರಿನ ಅಡಿಯಲ್ಲಿ ಮಲಗಿತ್ತು. ಈಗ ಕ್ಯಾಮೆರಾ ಹಿಡಿದಿರುವವಳು ನನ್ನ ತಂಗಿಯ ಮಗಳು. ವಯಸ್ಸಿನಲ್ಲಿ ಈ ಫೋನಿಗಿಂತ ಕಿರಿಯಳು. ನಾನು ಹಾಕಿಕೊಂಡ ಕೆಲಸ ಒಂದೇ: ಇದರಲ್ಲಿ ಒಂದು ಚಿತ್ರ ತೆಗೆದು, ಅದನ್ನು ಇದರೊಳಗಿಂದ ಹೊರಗೆ ತಂದು ನಿಮಗೆ ತೋರಿಸುವುದು. ಅರ್ಧ ಗಂಟೆಯಲ್ಲಿ ಮುಗಿಯುತ್ತದೆಂದು ಕುಳಿತೆ, ಮೂರು ದಿನ ಹಿಡಿಯಿತು.

ಹಿಂಬದಿಯ ಮುಚ್ಚಳ ತೆಗೆಯುವುದನ್ನು ನೀವೇ ನೋಡುತ್ತಿದ್ದೀರಿ. ಒಳಗಿರುವ ಬ್ಯಾಟರಿಯ ಹೆಸರು ಬಿಎಲ್-5ಸಿ. ಫೋನ್ ಹಳತಾದರೂ ಈ ಬ್ಯಾಟರಿಗೆ ಸಾವಿಲ್ಲ. ದೇವರನಾಮ ಹಾಡುವ ಪುಟ್ಟ ರೇಡಿಯೊ ಡಬ್ಬಿಗಳಿಗೂ ಇದೇ ಅಳತೆಯದನ್ನು ಹಾಕುವುದರಿಂದ ಅಂಗಡಿಯವರು ಹೆಸರು ಹೇಳುವ ಮೊದಲೇ ತೆಗೆದುಕೊಟ್ಟರು. 2007ರ ಆಗಸ್ಟಿನಲ್ಲಿ ಇದೇ ಹೆಸರು ಮನೆಮನೆಯಲ್ಲೂ ಕೇಳಿಬಂದಿತ್ತು: 2005ರ ಡಿಸೆಂಬರಿನಿಂದ 2006ರ ನವೆಂಬರಿನವರೆಗೆ ಮಾತ್ಸುಶಿತಾ ಕಂಪನಿ ತಯಾರಿಸಿದ 4 ಕೋಟಿ 60 ಲಕ್ಷ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಆಗುವಾಗ ವಿಪರೀತ ಬಿಸಿಯಾಗಬಹುದೆಂದು ನೋಕಿಯಾ ಪ್ರಕಟಣೆ ಹೊರಡಿಸಿ, ಬದಲಾಯಿಸಿಕೊಡುವುದಾಗಿ ಹೇಳಿತು. ಆಗ ನಮ್ಮ ಬೀದಿಯವರೆಲ್ಲ ಜಗಲಿಯ ಮೇಲೆ ಕುಳಿತು, ಬ್ಯಾಟರಿ ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು ಅಂಕಿಗಳನ್ನು ಓದಿದ್ದು ನೆನಪಿದೆ. ಅಣ್ಣನ ಬ್ಯಾಟರಿ ಅದಕ್ಕಿಂತ ಹಳೆಯದಾಗಿತ್ತು. ಹಾಗಿದ್ದೂ ಆ ವಾರ ಫೋನನ್ನು ಹಾಸಿಗೆಯ ಹತ್ತಿರ ಇಡಲು ಅತ್ತಿಗೆ ಬಿಡಲಿಲ್ಲ.

ಚಾಲೂ ಆಯಿತು, ಎರಡು ಕೈಗಳು ಸೇರುವ ಆ ಚಿತ್ರವನ್ನು ನೋಡಿಬಿಡಿ. ಪರದೆಯ ಅಗಲ 176 ಚುಕ್ಕಿ, ಎತ್ತರ 208 ಚುಕ್ಕಿ, ಬಣ್ಣಗಳು 65,536. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದರೆ, ಪ್ರತಿಯೊಂದು ಚುಕ್ಕಿಯ ಬಣ್ಣಕ್ಕೆ 16 ಬಿಟ್‌ಗಳಿರುತ್ತವೆ. ಅವನ್ನು ಹಂಚುವ ರೂಢಿಯ ಕ್ರಮದಲ್ಲಿ ಕೆಂಪಿಗೆ 5, ಹಸಿರಿಗೆ 6, ನೀಲಿಗೆ 5 ಹೋಗುತ್ತವೆ. ಹಸಿರಿಗೆ ಒಂದು ಹೆಚ್ಚು, ಏಕೆಂದರೆ ನಮ್ಮ ಕಣ್ಣು ಹಸಿರಿನ ಏರಿಳಿತವನ್ನು ಉಳಿದೆರಡಕ್ಕಿಂತ ಚೆನ್ನಾಗಿ ಗುರುತಿಸುತ್ತದೆ. ಎರಡು ದಶಕ ಈ ಪರದೆಯನ್ನು ಹೊಗಳುತ್ತ ಬಂದ ನಾನು ಇವತ್ತು ನೋಡಿ ಪೆಚ್ಚಾದೆ. ಸಂಜೆಯ ಆಕಾಶದ ಚಿತ್ರವನ್ನು ತೆರೆದರೆ ಬಣ್ಣ ಹಂತಹಂತವಾಗಿ ಕರಗುವುದಿಲ್ಲ. ಕಲಾಯಿ ಹಾಕಿಸಿದ ಹಳೆಯ ಪಾತ್ರೆಯಂತೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಇದೊಂದು ಕೆಟ್ಟ ಪರದೆ ಎಂದು ಹೇಳಿ ಮುಂದೆ ಹೋಗುವವನಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ, ಇದಕ್ಕಿಂತ ಹಳೆಯ ನೋಕಿಯಾ 3310 ಫೋನ್ ಕಣ್ಣಿಗೆ ಬಿತ್ತು: 84 ಚುಕ್ಕಿ ಅಗಲ, 48 ಚುಕ್ಕಿ ಎತ್ತರ, ಪಾಚಿಹಸಿರಿನ ಮೇಲೆ ಕಪ್ಪು. ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡವನಿಗೆ ಅಂದು ಏನನ್ನಿಸಿತ್ತೆಂಬುದು ಆಗ ಮತ್ತೆ ಅರ್ಥವಾಯಿತು. ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ನಡುವೆ ಇರುವ ಈ ಪುಟ್ಟ ಗುಂಡಿ ನಾಲ್ಕು ದಿಕ್ಕಿಗೂ ಹೊರಳುತ್ತದೆ, ಒತ್ತಿದರೆ ಆಯ್ಕೆಯಾಗುತ್ತದೆ. ಇದಕ್ಕೆ ಕೊಳೆ ತುಂಬಿದ್ದರಿಂದ ಮೇಲಕ್ಕೆ ತಳ್ಳಿದರೆ ಬಲಕ್ಕೆ ಹೋಗುತ್ತಿದೆ, ಸಹಿಸಿಕೊಳ್ಳಿ. ಮೆನು ಗುಂಡಿಯನ್ನು ಒತ್ತಿ ಹಿಡಿದರೆ ಹಿನ್ನೆಲೆಯಲ್ಲಿ ತೆರೆದಿರುವ ಕೆಲಸಗಳ ಪಟ್ಟಿ ಬರುತ್ತದೆ. ಸಂದೇಶವನ್ನು ಅರ್ಧಕ್ಕೆ ಬಿಟ್ಟು ಕ್ಯಾಲೆಂಡರ್ ನೋಡಿ ಮರಳಿ ಬರಬಹುದು. ಒಳಗಿರುವ ಸಿಂಬಿಯನ್ ತಂತ್ರಾಂಶದಿಂದ ದೊರೆತ ಸೌಲಭ್ಯವಿದು, ಮತ್ತು ಅಣ್ಣ ಇದನ್ನು ಒಂದು ದಿನವೂ ಬಳಸಿರಲಿಲ್ಲ. ಪೆನ್ಸಿಲ್ ಚಿತ್ರದ ಗುಂಡಿಯನ್ನು ಹಿಡಿದುಕೊಂಡು ನಡುಗುಂಡಿಯನ್ನು ಸರಿಸಿದರೆ ಬರಹವನ್ನು ಆಯ್ದು ನಕಲು ಮಾಡಬಹುದೆಂಬುದನ್ನು ಮೊನ್ನೆ ನಾನು ತೋರಿಸಿಕೊಟ್ಟಾಗ, ಅವರು ಫೋನನ್ನೇ ದಿಟ್ಟಿಸಿ ನೋಡಿ, "ಇಷ್ಟು ದಿನ ಯಾಕೋ ಹೇಳಲಿಲ್ಲ?" ಎಂದು ನನ್ನನ್ನೇ ಗದರಿದರು.

ಸಂದೇಶದ ಮಾತು ಬಂದದ್ದರಿಂದ ಒಂದನ್ನು ಹೇಳಲೇಬೇಕು. ಈ ಫೋನಿಗೆ ಕನ್ನಡದಲ್ಲಿ ಸಂದೇಶ ಕಳಿಸಿ ನೋಡಿದೆ, ಖಾಲಿ ಚೌಕಗಳ ಸಾಲು ಬಂತು. ಬಂದಿದ್ದರೂ ಲಾಭವಿರುತ್ತಿರಲಿಲ್ಲ: ಇಂಗ್ಲಿಷ್ ಅಕ್ಷರಗಳಾದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಹಿಡಿಯುತ್ತವೆ, ಕನ್ನಡವಾದರೆ 70, ಅದರಲ್ಲಿಯೂ ಗುಣಿತ ಮತ್ತು ಒತ್ತುಗಳೆಲ್ಲ ಪ್ರತ್ಯೇಕವಾಗಿ ಎಣಿಕೆಗೆ ಬರುತ್ತವೆ. ಆದ್ದರಿಂದ ನಾವೆಲ್ಲ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಿದ್ದೆವು, ಮತ್ತು ಪದವನ್ನು ತಾನೇ ಊಹಿಸುವ ಟಿ9 ಎಂಬ ಸೌಲಭ್ಯವು ನಮ್ಮ ಕನ್ನಡವನ್ನು ಇಂಗ್ಲಿಷ್ ಎಂದೇ ತಿಳಿಯುತ್ತಿತ್ತು. ಈಗ ನೋಡಿ, ‘ಊಟ’ ಎಂದು ಬರೆಯಲು 6, 6, 8, 2 ಒತ್ತುತ್ತೇನೆ. ಪರದೆಯ ಮೇಲೆ ‘ನೋವಾ’ ಎಂಬ ಇಂಗ್ಲಿಷ್ ಪದ ಮೂಡಿದೆ, ಏಕೆಂದರೆ ಅದಕ್ಕೂ ಇದೇ ನಾಲ್ಕು ಗುಂಡಿಗಳು. ಊಟ ಆಯಿತೇ ಎಂದು ಅತ್ತಿಗೆಯನ್ನು ಕೇಳಲು ಹೋಗಿ, ನೋವಾಯಿತೇ ಎಂದು ಕೇಳಿದಂತಾಗಿ, ಅವರು ಗಾಬರಿಯಿಂದ ಅಂಗಡಿಗೆ ಫೋನ್ ಮಾಡಿದ ಕಥೆ ನಮ್ಮ ಮನೆಯಲ್ಲಿ ಇಂದಿಗೂ ಚಲಾವಣೆಯಲ್ಲಿದೆ. ಅಂದಿನಿಂದ ಅಣ್ಣ ಟಿ9 ಅನ್ನು ಆರಿಸಿಟ್ಟರು. ನಾನೂ ಆರಿಸುತ್ತಿದ್ದೇನೆ.

ಈಗ ಕ್ಯಾಮೆರಾ. ಮಸೂರ ಹಿಂಬದಿಯಲ್ಲಿದೆ, ಫ್ಲ್ಯಾಶ್ ಇಲ್ಲ, ಚಿತ್ರದ ಅಳತೆ 640ಕ್ಕೆ 480. ಗುಣಿಸಿದರೆ 3,07,200 ಚುಕ್ಕಿಗಳು, ಅಂದರೆ ಒಂದು ಮೆಗಾಪಿಕ್ಸೆಲ್ಲಿನ ಮೂರನೆಯ ಒಂದು ಭಾಗವೂ ಇಲ್ಲ. ಹಿತ್ತಲಿನ ದಾಸವಾಳವನ್ನು ಆರಿಸಿಕೊಂಡೆ, ಏಕೆಂದರೆ ಕೆಂಪು ಬಣ್ಣವನ್ನು ಇದು ಹೇಗೆ ಹಿಡಿಯುತ್ತದೆಂಬ ಕುತೂಹಲವಿತ್ತು. ಚಲನಚಿತ್ರವನ್ನೂ ತೆಗೆಯುತ್ತದೆ, ಆದರೆ 10 ಸೆಕೆಂಡಿಗೆ ತಾನೇ ನಿಲ್ಲಿಸಿಬಿಡುತ್ತದೆ. ಎಮ್ಮೆಮ್ಮೆಸ್ಸಿನಲ್ಲಿ, ಅಂದರೆ ಚಿತ್ರ ಸಹಿತ ಸಂದೇಶದಲ್ಲಿ, ಕಳಿಸಲಾಗುವಷ್ಟು ಪುಟ್ಟದಾಗಿರಲಿ ಎಂಬುದು ಅದರ ಲೆಕ್ಕಾಚಾರ. ನನ್ನ ಸೋದರಸೊಸೆ ತನ್ನ ಪರಿಚಯ ಹೇಳಿಕೊಳ್ಳಲು ಆರಂಭಿಸಿ ಕಾಲೇಜಿನ ಹೆಸರು ಮುಗಿಸುವ ಮೊದಲೇ ಅದು ನಿಂತದ್ದನ್ನು ನೋಡಿದಿರಿ.

ಫೋನಿನ ಒಳಗಿನ ಜಾಗ 6 ಎಂಬಿ ಮಾತ್ರ, ಮತ್ತು ವಿಳಾಸಗಳು, ಸಂದೇಶಗಳು, ಚಿತ್ರಗಳು, ಆಟಗಳು ಎಲ್ಲವೂ ಅದರಲ್ಲಿಯೇ ಬಾಳಬೇಕು. ಹಾಡುಗಳನ್ನು ಕೇಳಲೇಬೇಡಿ: ಎಂಪಿ3 ಹಾಡುವ ವ್ಯವಸ್ಥೆ ಕಂಪನಿಯಿಂದ ಬರುವಾಗ ಇದರಲ್ಲಿ ಇರಲಿಲ್ಲ. ಹಾಗಾಗಿ ಹಾಡನ್ನು ಎಎಮ್ಆರ್ ರೂಪಕ್ಕೆ ಇಳಿಸಿಕೊಳ್ಳುತ್ತಿದ್ದರು. ಅದು ಮೂಲತಃ ಫೋನಿನ ಮಾತಿಗಾಗಿ ರೂಪಿಸಿದ್ದು, ಸೆಕೆಂಡಿಗೆ ಹೆಚ್ಚೆಂದರೆ 12.2 ಕಿಲೋಬಿಟ್. ಐದು ನಿಮಿಷದ ಹಾಡು ಅರ್ಧ ಎಂಬಿಯೊಳಗೆ ಕುಳಿತುಕೊಳ್ಳುತ್ತಿತ್ತು, ಗಾಯಕರು ಮಾತ್ರ ಬಾವಿಯೊಳಗಿಂದ ಹಾಡುತ್ತಿದ್ದರು. ಈ ಇಕ್ಕಟ್ಟಿನಿಂದ ಪಾರಾಗಲು ಫೋನಿನ ಜೊತೆಗೆ 32 ಎಂಬಿಯ, ಎಂಎಂಸಿ ಎಂಬ ಬಗೆಯ ಮೆಮೊರಿ ಕಾರ್ಡೊಂದು ಬರುತ್ತಿತ್ತು. ಅಣ್ಣ ಅದು ಒಳಗೇ ಇದೆ ಎಂದಿದ್ದರು. ಇರಲಿಲ್ಲ.

ಇಲ್ಲಿಂದ ನನ್ನ ಮೂರು ದಿನಗಳ ಲೆಕ್ಕ ಶುರುವಾಗುತ್ತದೆ. ಮೊದಲ ಅಂಗಡಿಯವರು ಒಂದು ಎಸ್‌ಡಿ ಕಾರ್ಡನ್ನು ಕೊಟ್ಟು, "ಎರಡೂ ಒಂದೇ ಸಾರ್, ಹೆಸರು ಮಾತ್ರ ಬೇರೆ" ಎಂದು 250 ರೂಪಾಯಿ ತೆಗೆದುಕೊಂಡರು. ನಾನು ನಂಬಿದೆ, ಏಕೆಂದರೆ ಅಗಲವೂ ಎತ್ತರವೂ ನಿಜವಾಗಿಯೂ ಒಂದೇ, 24 ಮತ್ತು 32 ಮಿಲಿಮೀಟರ್. ದಪ್ಪ ಒಂದೇ ಅಲ್ಲ. ಎಂಎಂಸಿ 1.4 ಮಿಲಿಮೀಟರ್, ಎಸ್‌ಡಿ 2.1. ಈ 0.7 ಮಿಲಿಮೀಟರಿನ ವ್ಯತ್ಯಾಸವನ್ನು ಹೆಬ್ಬೆರಳಿನ ಬಲದಿಂದ ಗೆಲ್ಲಬಹುದೆಂದು ನಾನು ಪ್ರಯತ್ನಿಸುತ್ತಿರುವ ದೃಶ್ಯವನ್ನು ತೆಗೆದುಹಾಕಬೇಕೆಂದು ಕೇಳಿಕೊಂಡಿದ್ದೆ, ಅವಳು ಉಳಿಸಿದ್ದಾಳೆ. "ಮಾವ, ಒತ್ತಬೇಡಿ, ಮುರಿಯುತ್ತೆ" ಎಂಬ ಧ್ವನಿ ಅವಳದೇ.

ಎರಡನೆಯ ದಿನ ಮೈಸೂರಿನ ಒಂದು ಸಣ್ಣ ರಿಪೇರಿ ಅಂಗಡಿಯಲ್ಲಿ, ಹಾಲಿನ ಪುಡಿಯ ಹಳೆಯ ಡಬ್ಬಿಯೊಳಗೆ, ಬಿಡಿಭಾಗಗಳ ನಡುವೆ ಒಂದು ಅರ್ಧ ಎಂಎಂಸಿ ಸಿಕ್ಕಿತು. 7610 ಎಂಬ ಮಾದರಿಯ ಜೊತೆಗೆ ಬಂದ 64 ಎಂಬಿಯ ಕಾರ್ಡು ಅದು. ಉದ್ದ ಕಡಿಮೆ, ಆದರೆ ಬಾಲದಂತಹ ತುಂಡೊಂದನ್ನು ಸಿಕ್ಕಿಸಿದರೆ ಪೂರ್ಣ ಅಳತೆಗೆ ಬರುತ್ತದೆ, ಮತ್ತು ಆ ತುಂಡು ಸಹ ಡಬ್ಬಿಯ ತಳದಲ್ಲಿತ್ತು. ಬೆಲೆ 600 ರೂಪಾಯಿ ಎಂದರು. ಅಷ್ಟೇ ಹಣಕ್ಕೆ ಇಂದು 64 ಜಿಬಿಯ ಕಾರ್ಡು ಬರುತ್ತದೆ, ಅಂದರೆ ಇದರ ಸಾವಿರಪಟ್ಟು ಜಾಗ, ಎಂದು ನಾನು ವಾದಿಸಿದೆ. "ಹಾಗಾದರೆ ಅದನ್ನೇ ಹಾಕಿಕೊಳ್ಳಿ ಸಾರ್" ಎಂದು ಅವರು ನನ್ನ ಮುಖವನ್ನೂ ನೋಡದೆ ಬೇರೊಂದು ಫೋನಿನ ಸ್ಕ್ರೂ ಬಿಚ್ಚತೊಡಗಿದರು. 400ಕ್ಕೆ ಮುಗಿಯಿತು. ಗೆದ್ದೆನೆಂದು ತಿಳಿದು ದಾರಿಯಲ್ಲಿ ಒಂದು ಕಾಫಿಯನ್ನೂ ಕುಡಿದೆ.

ಮನೆಗೆ ಬಂದು ಫೋನ್ ಆರಿಸಿ, ಬ್ಯಾಟರಿ ತೆಗೆದು, ಅದರ ಅಡಿಯ ಜಾಗದಲ್ಲಿ ಕಾರ್ಡು ಸೇರಿಸಿ, ಮತ್ತೆ ಚಾಲೂ ಮಾಡಿ, ಆ ಕೈಗಳೆರಡೂ ಸೇರುವವರೆಗೆ ಕಾದದ್ದಾಯಿತು. ಕಾರ್ಡನ್ನು ಗುರುತಿಸಿತು. ಗುರುತಿಸಿ, ಪಾಸ್‌ವರ್ಡ್ ಕೊಡಿ ಎಂದು ಕೇಳಿತು. ಈ ಕಾಲದ ನೋಕಿಯಾಗಳಲ್ಲಿ ಮೆಮೊರಿ ಕಾರ್ಡಿಗೇ ಬೀಗ ಹಾಕುವ ಸೌಲಭ್ಯವಿತ್ತು, ಎಂಟು ಅಕ್ಷರಗಳವರೆಗೆ. ಬೀಗ ಹಾಕಿದ ಫೋನಿನಲ್ಲಿ ಅದು ಮತ್ತೆ ಕೇಳುತ್ತಿರಲಿಲ್ಲ, ಏಕೆಂದರೆ ಪಾಸ್‌ವರ್ಡನ್ನು ಆ ಫೋನು ತನ್ನಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಕಾರ್ಡನ್ನು ಬೇರೆ ಫೋನಿಗೆ ಹಾಕಿದಾಗಲೇ ಬೀಗ ಎದುರಾಗುವುದು. ಹಾಗಾಗಿ ಹಾಕಿದವರೇ ಅದನ್ನು ಮರೆಯುತ್ತಿದ್ದರು. ಕಂಪ್ಯೂಟರಿಗೆ ಜೋಡಿಸಿದರೂ ಕಾರ್ಡು ಓದಿಸಿಕೊಳ್ಳುವುದಿಲ್ಲ. ಕಾರ್ಖಾನೆಯಿಂದ ಬರುವ 12345 ಫೋನಿನ ಬೀಗದ ಸಂಖ್ಯೆ, ಕಾರ್ಡಿನದಲ್ಲ. ಆದರೂ ಒತ್ತಿ ನೋಡಿದೆ. ಸೊನ್ನೆಗಳನ್ನು ಒತ್ತಿದೆ, ಒಂಬತ್ತುಗಳನ್ನು ಒತ್ತಿದೆ, ಗಣೇಶನಿಂದ ಮಂಜುನಾಥನವರೆಗೆ ಎಲ್ಲ ದೇವರುಗಳನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ, ಅದರಲ್ಲಿ ಮಂಜುನಾಥನಿಗೆ ಎಂಟು ಅಕ್ಷರ ಸಾಲದೆ ಹೋಯಿತು. ಅಂಗಡಿಗೆ ಮರಳಿ ಹೋಗಿ ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಕಾರ್ಡು ಇದ್ದವರನ್ನೇ ಕೇಳಬೇಕು ಸಾರ್" ಎಂದರು.

ಕಾರ್ಡಿನ ಆಸೆ ಬಿಟ್ಟು, ಒಳಗಿನ 6 ಎಂಬಿಯಲ್ಲಿಯೇ ದಾಸವಾಳವನ್ನು ಉಳಿಸಿಕೊಂಡು, ಮೂರನೆಯ ದಿನ ಬ್ಲೂಟೂತ್ ಹಿಡಿದೆ. ಇನ್‌ಫ್ರಾರೆಡ್ ಸಹ ಇದೆ, ಆದರೆ ಅದರ ಎದುರು ಹಿಡಿಯಲು ಈಗ ನಮ್ಮ ಮನೆಯಲ್ಲಿ ಯಾವ ಯಂತ್ರಕ್ಕೂ ಆ ಕಣ್ಣಿಲ್ಲ. ಬ್ಲೂಟೂತ್ ತೆರೆದಿಡಲು ಒಂದು ಕಾಲದಲ್ಲಿ ಜನ ಹೆದರುತ್ತಿದ್ದರು, ಅದಕ್ಕೆ ಕಾರಣವೂ ಇತ್ತು. 2004ರ ಜೂನ್‌ನಲ್ಲಿ ಪತ್ತೆಯಾದ ಕ್ಯಾಬಿರ್ ಎಂಬ ಹುಳು, ಅಂದರೆ ಫೋನಿನಿಂದ ಫೋನಿಗೆ ಹರಡುವ ಕೆಡುಕು ತಂತ್ರಾಂಶ, ಇದೇ ಬಗೆಯ ಸಿಂಬಿಯನ್ ಫೋನುಗಳಲ್ಲಿ ಬ್ಲೂಟೂತಿನ ಮೂಲಕವೇ, ಹತ್ತು ಮೀಟರಿನ ಆಸುಪಾಸಿನಲ್ಲಿ, ಒಂದರಿಂದ ಇನ್ನೊಂದಕ್ಕೆ ದಾಟುತ್ತಿತ್ತು. ಅದು ತಾನಾಗಿ ನುಗ್ಗುತ್ತಿರಲಿಲ್ಲ. ಸಂದೇಶ ಸ್ವೀಕರಿಸಲೇ ಎಂದು ಫೋನು ಕೇಳುತ್ತಿತ್ತು, ಬೇಡವೆಂದರೆ ಮತ್ತೆ ಕೇಳುತ್ತಿತ್ತು, ಆಮೇಲೆ ಇನ್ನೊಮ್ಮೆ, ಕೊನೆಗೆ ಬೇಸತ್ತವರು ಹೂಂ ಎಂದುಬಿಡುತ್ತಿದ್ದರು. ಒಳಗೆ ಬಂದ ಮೇಲೆ ಅದು ಮಾಡುತ್ತಿದ್ದುದು ಮುಂದಿನ ಫೋನನ್ನು ಹುಡುಕುವುದೊಂದೇ ಕೆಲಸ, ಆ ಹುಡುಕಾಟದಲ್ಲಿಯೇ ಬ್ಯಾಟರಿ ಖಾಲಿಯಾಗುತ್ತಿತ್ತು.

ತಂಗಿಯ ಮಗಳ ಹೊಸ ಫೋನು ಹಳೆಯದನ್ನು ಗುರುತಿಸುತ್ತದೆಂಬ ಭರವಸೆ ನನಗಿರಲಿಲ್ಲ. ಎರಡೂ ಕಡೆ ಒಂದೇ ಸಂಖ್ಯೆ ಒತ್ತಿದೆವು, ಜೋಡಿಯಾದವು, ನೀಲಿ ಪಟ್ಟಿ ಮೆಲ್ಲಗೆ ತುಂಬಿತು. ಬಂದ ಚಿತ್ರ ಐವತ್ತು ಕೆಬಿಯ ಆಸುಪಾಸು. ಅವಳು ಎರಡು ಬೆರಳುಗಳಿಂದ ಹಿಗ್ಗಿಸಿ ನೋಡಿ, "ದಾಸವಾಳನಾ ಮಾವ, ಟೊಮೇಟೊನಾ?" ಎಂದು ಕೇಳಿದಳು. ನೀವೇ ನೋಡಿ: ಎಸಳಿನ ಗೆರೆಗಳೆಲ್ಲ ಕರಗಿ ಕೆಂಪು ಒಂದೇ ಮುದ್ದೆಯಾಗಿದೆ, ಹಿಂದಿನ ಎಲೆಗಳ ಹಸಿರು ಮಾತ್ರ ಅಚ್ಚುಕಟ್ಟಾಗಿ ಬಂದಿದೆ. ಅದೇ ಚಿತ್ರವನ್ನು 6600ರ ಪರದೆಯಲ್ಲಿ ನೋಡಿದರೆ ಹೂವು ಹೂವಿನಂತೆಯೇ ಕಾಣುತ್ತದೆ, ಏಕೆಂದರೆ ಆ ಪರದೆ 640 ಚುಕ್ಕಿಗಳನ್ನು 176ರೊಳಗೆ ಕುಗ್ಗಿಸಿ ತೋರಿಸುತ್ತದೆ. ನಾವು ಅಂದು ಮೆಚ್ಚಿದ ಚಿತ್ರಗಳನ್ನೆಲ್ಲ ಅಲ್ಲಿಯೇ ಬಿಟ್ಟಿದ್ದರೆ ಚೆನ್ನಾಗಿತ್ತೇನೋ. ಹೊರಗೆ ತಂದದ್ದೇ ತಪ್ಪಾಯಿತು.

ಬ್ಯಾಟರಿ ಬೀಪ್ ಎನ್ನುತ್ತಿದೆ, ಹಳೆಯ ದಪ್ಪ ಪಿನ್ನಿನ ಚಾರ್ಜರನ್ನು ಇನ್ನೂ ಹುಡುಕಬೇಕು, ಆದ್ದರಿಂದ ಬೇಗ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಯಾರಾದರೂ ಮೈಸೂರಿನಲ್ಲಿ ಒಂದು 7610 ಅನ್ನು ಕಾರ್ಡಿನ ಸಮೇತ ಮಾರಿದ್ದರೆ, ದಯವಿಟ್ಟು ಆ ಪಾಸ್‌ವರ್ಡನ್ನು ನೆನಪಿಸಿಕೊಳ್ಳಿ. ಒಳಗೆ ಏನಿದೆಯೆಂದು ನಾನು ನೋಡುವುದಿಲ್ಲ. 400 ರೂಪಾಯಿ ಕೊಟ್ಟಿದ್ದೇನೆ, ಅಳಿಸಿಕೊಂಡು ನನ್ನದನ್ನು ತುಂಬಿಕೊಳ್ಳುತ್ತೇನೆ, ಅಷ್ಟೇ.