ಆ ಗೀಟುಗಳನ್ನು 17 ಮಾಡಬೇಡಿ

ನಮಸ್ಕಾರ. ಹೋದ ವಿಡಿಯೋಗೆ ಒಂದು ಕಾಮೆಂಟ್ ಬಂದಿದೆ. "ಸತ್ತುಹೋದ ಲಿಪಿಯ ಅಂಕಿಗೆ ಯೂನಿಕೋಡಿನಲ್ಲಿ ಜಾಗ ಯಾಕೆ? 17 ಅಂತ ಟೈಪ್ ಮಾಡಿದ್ರೆ ಸಾಕಲ್ವಾ?" ಮಾತು ಪಶ್ಚಿಮ ಏಷ್ಯಾದ ಹಳೆಯ ಅರಮಾಯಿಕ್ ಲಿಪಿಯದ್ದು. ಯೂನಿಕೋಡ್ ಅಂದ್ರೆ ಲೋಕದ ಲಿಪಿಗಳ ಒಂದೊಂದು ಗುರುತಿಗೂ ಕಂಪ್ಯೂಟರಿಗಾಗಿ ಒಂದೊಂದು ಸಂಕೇತ ಕೊಡುವ ಪಟ್ಟಿ. 17 ಸಾಕಾಗಲ್ಲ ಸ್ವಾಮಿ! ಎರಡು ದಿನದಿಂದ ಇದೇ ತಲೆ ಕೊರೆಯುತ್ತಿದೆ.

ನೈಲ್ ನದಿಯ ನಡುವೆ ಎಲಿಫೆಂಟೈನ್ ಅಂತ ದ್ವೀಪ. ಅಲ್ಲಿದ್ದ ಯೆಹೂದಿಗಳ ಗುಡಿಯನ್ನು ಕೆಡವಿದ್ದರು. ಮತ್ತೆ ಕಟ್ಟಿಕೊಳ್ಳಲು ಬಿಡಿ ಅಂತ ಕ್ರಿ.ಪೂ. 407ರಲ್ಲಿ ಅರಮಾಯಿಕ್ ಭಾಷೆಯಲ್ಲಿ ಅರ್ಜಿ ಬರೆದರು. ತಾರೀಖು, ಪರ್ಷಿಯಾದ ದೊರೆ ದಾರಿಯಸ್‌ನ 17ನೇ ವರ್ಷ. ಆ ಕಾಲದ ಲೆಕ್ಕದಲ್ಲಿ ಒಂದು ಬರೆದು ಪಕ್ಕಕ್ಕೆ ಏಳು ಬರೆಯುವುದಿಲ್ಲ. ಬಲದಿಂದ ಎಡಕ್ಕೆ ಹತ್ತರ ಗುರುತು, ಮೂರು ಗೀಟು, ಇನ್ನೂ ಮೂರು ಗೀಟು, ಕೊನೆಗೆ ಒಂಟಿ ಗೀಟು. ಕೂಡಿಕೊಂಡು ಓದಬೇಕು. ಸೊನ್ನೆಯೇ ಇಲ್ಲ.

ಇಂಥದ್ದೇ ಒಂದು ಹಾಳೆಯ ಅಂಚು ಹರಿದಿದೆ ಅಂದುಕೊಳ್ಳಿ. ಹತ್ತು, ಮೂರು, ಮೂರು, ಅಷ್ಟೇ ಉಳಿದಿದೆ. ಅದು 16 ಇರಬಹುದು, 17 ಇರಬಹುದು, 19 ಕೂಡ ಇರಬಹುದು. ನೀವು ಸುಮ್ನೆ 17 ಅಂತ ಒತ್ತಿಬಿಟ್ಟರೆ ಹರಿದ ಜಾಗವನ್ನೇ ಮುಚ್ಚಿಹಾಕಿದ ಹಾಗೆ!

2009ರಲ್ಲಿ ಯೂನಿಕೋಡ್ 5.2 ಈ ಅಂಕಿಗಳಿಗೆ 8 ಸಂಕೇತ ಕೊಟ್ಟಿತು. 1, 2, 3, 10, 20, 100, 1,000, 10,000. ಬಲದಿಂದ ಎಡಕ್ಕೆ ಸಾಗುತ್ತವೆ ಅನ್ನುವುದೂ ಅಲ್ಲೇ ದಾಖಲಾಗಿದೆ.

"ಹಾಗಾದ್ರೆ ಕೀಬೋರ್ಡಿನ ನಿಂತ ಗೀಟನ್ನೇ ಹೊಡೆಯಿರಿ" ಅಂತ ಇನ್ನೊಬ್ಬರು. ರೀ, ಆ ಗೀಟಿಗೆ ಬೆಲೆ ಎಲ್ಲಿದೆ? ಕಂಪ್ಯೂಟರಿಗೆ ಅದು ಬರೀ ಗೀಟು. ಅರಮಾಯಿಕ್ ಮೂರಕ್ಕೆ ಮೂರು ಅನ್ನುವ ಬೆಲೆ ಅಂಟಿಕೊಂಡೇ ಇದೆ. ಹುಡುಕಬಹುದು, ಕೂಡಬಹುದು. 17 ಅಂತ ಬರೆದರೆ ಅದು ನಿಮ್ಮ ಅಂಕಿ, ಅಂದು ಬರೆದವನದ್ದಲ್ಲ!

ಇಂದಿನ ಜೋರ್ಡಾನಿನಲ್ಲಿರುವ ಪೆಟ್ರಾ ನಗರ ಕಟ್ಟಿದ ನಬಾಟಿಯನ್ನರನ್ನು ನೋಡಿ. ಅವರ ಲಿಪಿಯೂ ಅರಮಾಯಿಕ್ ಬಳ್ಳಿಯದೇ. ನಾಲ್ಕಕ್ಕೆ ಎರಡು ಗುರುತು, ಒಂದು ಗೀಟುಗಳದ್ದು, ಇನ್ನೊಂದು ಶಿಲುಬೆಯಂಥದ್ದು. 2014ರಲ್ಲಿ ಯೂನಿಕೋಡ್ ಎರಡನ್ನೂ ಸೇರಿಸಿಕೊಂಡಿತು. ನೀವು 4 ಅಂತ ಟೈಪ್ ಮಾಡಿದರೆ ಅದು ಯಾವ ನಾಲ್ಕು? ಹೇಳಿ!

"ಯಾರು ಓದ್ತಾರೆ?" ನಾನು ಓದ್ತೀನಿ. ಬರೆದವನು ಹೇಗೆ ಬರೆದನೋ ಹಾಗೇ ಓದ್ತೀನಿ. 17 ಬೇಡ, ಬೇಡ ಅಂದ್ರೆ ಬೇಡ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಮುಂದಿನ ವಾರ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ. ಅಲ್ಲಿ ಅಶೋಕನ ಶಾಸನ ಬರೆದ ಚಪಡ, ಕೊನೆಯ ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಹುಟ್ಟಿದ್ದು ಇದೇ ಅರಮಾಯಿಕ್‌ನಿಂದ. ಕಾಮೆಂಟ್ ಹಾಕಿದವರೂ ಬನ್ನಿ.